ಹೊಂಟ ತಾರೀಖು

ಅಕ್ಟೋಬರ್ ೧೪, ಮಂಗಳವಾರ

ಹನ್ನೊಂದು ದಿನಕ್ಕ ನಳ ಬಂತು. ಬ್ಯಾರಲ್ ತುಂಬಿಸಿ, ಸೊಂಟ ಹಿಡಕೊಂಡು ಈಗ ಕೂತೆ. ನೀರು ನಿಂತ ಮ್ಯಾಲೆ ಸರಿಯಾಗಿ ತಮ್ಮ ಮುಕುಂದ ಬಂದ — ಕೊಡ ಎತ್ತಲಿಕ್ಕಲ್ಲ, ಚಾಕ್ಕ. ಹುಲಕೋಟಿ ಶಾಲಿಯಿಂದ ರಿಟೈರ್ ಆಗಿ ನಾಕು ತಿಂಗಳು. ಮನಿಯೊಳಗ ಕಾಲು ನಿಲ್ಲವಲ್ಲವು ಅವಂಗ.

ಮುಕ್ತಿನಾಥ ಪಕ್ಕಾ ಆತು. ನೇಪಾಳ. ಕೊಟ್ರೇಶನ ಟೂರ್ಸ್ ಜೋಡಿ, ನವೆಂಬರ್ ಒಂಬತ್ತಕ್ಕ ಹುಬ್ಬಳ್ಳಿಯಿಂದ ವಿಮಾನ. ಹತ್ತು ದಿನ. ನನಗ ಅರವತ್ನಾಕು, ಅವಂಗ ಅರವತ್ತು. ಅಪ್ಪನ ಗಂಟು ಮುಟ್ಟಿಸೂದು ಇನ್ನ ಯಾವಾಗ?

ಇನ್ಶುರೆನ್ಸ್ ಮ್ಯಾಲೆ ಜಗಳಾತು. ಮುಕುಂದ ಅಂದ: "ಹೊಂಡೂ ಮೊದಲ ಸಾಯೂ ಮಾತು, ಕೈಕಾಲು ಮುರಿಯೂ ಮಾತು ಬರದು ಸಹಿ ಮಾಡೂದೇನು? ಅಪಶಕುನ. ಮ್ಯಾಲೆ ರೊಕ್ಕ ದಂಡ."

ಮೂವತ್ತಾರು ವರ್ಷ ಪೋಸ್ಟ್ ಆಫೀಸಿನ್ಯಾಗ ಕೂತೀನಿ. ಪಾಲಿಸಿ ಬ್ಯಾಡ ಅಂದವರ ಹೆಂಡರು ಆಮ್ಯಾಲೆ ನನ್ನ ಕಿಡಕಿ ಮುಂದ ಬಂದು ನಿಂತದ್ದು ನೋಡೀನಿ. ನಿನ್ನ ಬಿಪಿ ಪಂಚಾಂಗ ನೋಡಿ ಏರೂದಿಲ್ಲ ಅಂದೆ.

ಸಿಟ್ಟಾಗಿ ಎದ್ದು ಹೋದ. ಚಾ ಪೂರ್ತಿ ಕುಡದ ಹೋದ.

ಅಕ್ಟೋಬರ್ ೧೯, ಭಾನುವಾರ

ಗದಗಿನಿಂದ ಲಕ್ಷ್ಮೇಶ್ವರಕ್ಕ, ನಾವು ಬೆಳದ ಊರಿಗೆ, ಹೋಗಿ ಬಂದೆ. ನಾಳೆ ದೀಪಾವಳಿ, ಬಸ್ಸಿನ್ಯಾಗ ಕಾಲಿಡಲಿಕ್ಕೆ ಜಾಗ ಇಲ್ಲ. ಶಿರಹಟ್ಟಿ ಕಡಿ ಹೆಣ್ಣಮಗಳೊಬ್ಬಾಕಿ ಚಂಡಹೂವಿನ ಚೀಲ ನನ್ನ ತೊಡಿಮ್ಯಾಲೆ ಇಟ್ಟು ನಿದ್ದಿ ಹೊಡದಳು.

ಅಪ್ಪನ ಸಂಗತಿ ಬರದಿಡತೀನಿ. ನಾ ಮರತರ ಹೇಳವರು ಯಾರೂ ಇಲ್ಲ.

ಅಪ್ಪ ಅಲ್ಲೇ ಸಂಸ್ಕೃತ ಮಾಸ್ತರ. ೧೯೮೧, ಏಪ್ರಿಲ್. ಮುಕ್ತಿನಾಥಕ್ಕ ಹೋಗೂದು ಜನ್ಮದ ಆಸೆ. ೧೯ಕ್ಕ ಭಾನುವಾರ ಗಾಡಿ. ಆದರ ಭಾನುವಾರ ಪಶ್ಚಿಮಕ್ಕ ಶೂಲ, ಆ ದಿಕ್ಕಿಗೆ ಹೊಂಡಬಾರದು, ಹುಬ್ಬಳ್ಳಿ ಪಶ್ಚಿಮಕ್ಕ. ಅದಕ್ಕ ಗುರುವಾರನ ಪ್ರಸ್ಥಾನ ಇಟ್ಟರು. ಒಳ್ಳೆ ದಿನ ನೋಡಿ ಒಂದು ಗಂಟು ಮಗ್ಗಲ ಮನಿಯೊಳಗ ಇಟ್ಟರ ಅವತ್ತ ಹೊಂಟಂಗ. ಆಮ್ಯಾಲೆ ಗಾಡಿ ಯಾವಾಗರ ಹತ್ತಬಹುದು. ಮಗ್ಗಲ ಮನಿ ಅಂದ್ರ ರಸೂಲಬಿಯವರದು. ಅವರವ್ವ ಸೆರಗಿಗೆ ಕೈ ಒರಸಿಕೊಂಡು, ಎರಡೂ ಕೈಲೆ ಗಂಟು ಇಸಗೊಂಡದ್ದು ಈಗೂ ಕಣ್ಣ ಮುಂದ ಅದ. ನಮ್ಮವ್ವ ಅಪ್ಪನ ಅಂಗೈಯೊಳಗ ಮಸರು ಹಾಕಿದಳು. ಅಪ್ಪ ಮೀಸಿಗೆ ಮಸರು ಹತ್ತಿಸಿಕೊಂಡು ನಕ್ಕ.

ಶನಿವಾರ ಶಾಲಿ ಕೀಲಿ ಒಪ್ಪಿಸಿ ಬರತೀನಿ ಅಂತ ಹೋದಾಂವ ಅಲ್ಲೇ ಕುರ್ಚಿಮ್ಯಾಲೆ ಎದಿ ಹಿಡಕೊಂಡು ಕೂತ. ಏಳಲಿಲ್ಲ.

ಹೊಂಟ ಗಂಟು ಕೆಲಸ ಆಗದ ತಿರಗಿ ಮನಿ ಹೊಸ್ತಿಲ ದಾಟಬಾರದು. ಅವ್ವ ಕೇಳಲಿಲ್ಲ. ಅವರೂ ತಂದು ಕೊಡಲಿಲ್ಲ. ನಲವತ್ನಾಕು ವರ್ಷ.

ಇವತ್ತ ರಸೂಲಬಿ ಗೂಟದಿಂದ ಇಳಿಸಿ ತಂದಳು. ಅದ ಕಾವಿ ಬಣ್ಣದ ಅರಿವಿ. ಒಳಗ ಧೋತರ, ತಾಮ್ರದ ತಂಬಿಗಿ, ಕಾಗದದ ಪುರಚಂಡಿಯೊಳಗ ಅಕ್ಕಿ. ಅಕ್ಕಿ ಬೆಳ್ಳಗ, ಹೊಸಾದು. ನಾ ಅಕಿ ಮಾರಿ ನೋಡಿದೆ.

"ವರ್ಷಾ ಯುಗಾದಿಗೆ ಬದಲಿ ಮಾಡತೀನ್ರಿ," ಅಂದಳು. "ನಮ್ಮವ್ವ ಮಾಡತಿದ್ಲು, ಈಗ ನಾ ಮಾಡತೀನಿ. ದಾರಿಗೆ ಹೊಂಟಾರ ಬುತ್ತಿಗೆ ಹುಳ ಹಿಡದ್ರ ಹ್ಯಾಂಗ?"

ಅಲ್ಲೇ ಕೂತು ಅತ್ತೆ. ಅಕಿ ಚಾ ಇಡಲಿಕ್ಕೆ ಹೋದಳು.

ಅಕ್ಟೋಬರ್ ೨೯, ಬುಧವಾರ

ಕೊಟ್ರೇಶನ ಆಫೀಸು, ಸ್ಟೇಶನ್ ರೋಡ್. ಇನ್ಶುರೆನ್ಸ್ ಫಾರ್ಮ್ ನಾನ ತುಂಬಿದೆ, ಇಬ್ಬರದೂ. 'ಮೊದಲಿನಿಂದ ಇರುವ ಕಾಯಿಲೆ' ಅಂತ ಒಂದು ಕಾಲಂ. ಮುಕುಂದ ಮೇಜಿನ ಕೆಳಗ ಕಾಲು ತುಳದ, ಬಿಪಿ ಬರೀಬ್ಯಾಡ ಅಂತ. ದಪ್ಪ ಅಕ್ಷರಲೇ ಬರದೆ.

"ಬೇಷ್ ಮಾಡಿದ್ರಿ ಅಕ್ಕಾರ," ಅಂದ ಕೊಟ್ರೇಶ. "ಮುಚ್ಚಿಟ್ರ ನಾಳೆ ಅದನ್ನ ಹಿಡಕೊಂಡು ಕ್ಲೇಮ್ ಇಲ್ಲ ಅಂತಾರ. ಮುಕ್ತಿನಾಥ ಭಾಳ ಎತ್ತರ ಐತಿ. ಉಸಿರು ಕಟ್ಟಿದ್ರ ಹೆಲಿಕಾಪ್ಟರ್‌ನ್ಯಾಗ ಇಳಸಬೇಕಾಗತೈತಿ. ಈ ಪಾಲಿಸ್ಯಾಗ ಅದೂ ಬರತೈತಿ."

ಪ್ರಯಾಣ ಶುರು ಆಗೂ ತಾರೀಖು — ನವೆಂಬರ್ ೬. ಎಷ್ಟು ದಿನ — ಹತ್ತು.

"ಆರಕ್ಕ ಹೊಂಡತೀರೇನ್ರಿ?" ಅಂತ ಕೇಳಿದ. ಹೌದಪಾ, ಗುರುವಾರನ ಹೊಂಡೂದು ನಾವು ಅಂದೆ. ಟೈಪ್ ಮಾಡಿದ. ಫಾರ್ಮ್ ತುಂಬೂದು ನನಗ ಯಾರೂ ಕಲಸಬೇಕಾಗಿಲ್ಲ. ಕಾಗದ ಕೈಯಾಗ ಬಂದ ಮ್ಯಾಲೆ ಜೀವಕ್ಕ ಸಮಾಧಾನ.

ನವೆಂಬರ್ ೬, ಗುರುವಾರ, ಮುಂಜಾನೆ ೮

ಪ್ರಸ್ಥಾನ ಆತು. ಒಂಬತ್ತಕ್ಕ ಮತ್ತ ಅದ ಭಾನುವಾರ, ಅದ ಶೂಲ, ಅದ ಹುಬ್ಬಳ್ಳಿ. ನಮ್ಮ ಚೀಲ ಎರಡೂ ಎದರ ಮನಿ ಗದಿಗೆವ್ವನ ಕಡೆ ಇಟ್ಟೆ. ರಸೂಲಬಿ ಮೊದಲನೆ ಬಸ್ಸಿಗೆ ಬಂದು ಅಪ್ಪನ ಗಂಟೂ ಅಲ್ಲೇ ಇಟ್ಟಳು. ನಮ್ಮ ಹೊಸ್ತಿಲ ತುಳೀಲಿಲ್ಲ. "ನನ್ನ ಕೈಯಾಗ ಗಂಟೈತಿ, ಬ್ಯಾಡ್ರಿ," ಅಂದಳು. ಬರಿಗೈ ಆದ ಮ್ಯಾಲೆ ಬಂದು ಉಪ್ಪಿಟ್ಟು ತಿಂದಳು.

ಮುಕುಂದನ ಅಂಗೈಯೊಳಗ ಮಸರು ಹಾಕಿದೆ. ಮೀಸಿ ಅಪ್ಪಂದ. ಇಷ್ಟು ವರ್ಷ ಯಾಕ ನೋಡಿರಲಿಲ್ಲೋ.

ನವೆಂಬರ್ ೧೧, ಕಠ್ಮಂಡು

ಪಶುಪತಿ ದರ್ಶನ. ಚಳಿ. ಮುಕುಂದ ಅಂಗಡಿಯವನ ಜೋಡಿ ಅರ್ಧ ತಾಸು ಚೌಕಾಶಿ ಮಾಡಿ ಟೊಪಗಿ ಕೊಂಡ. ರಾತ್ರಿ ಹಾಸಗಿಯೊಳಗೂ ಅದನ್ನ ಹಾಕಿಕೊಂಡಾನ.

ನವೆಂಬರ್ ೧೫, ಶನಿವಾರ, ರಾಣಿಪೌವಾ

ಪೊಖರಾದಿಂದ ಒಂದ ದಿನದಾಗ ಜೀಪು ಇಷ್ಟು ಮ್ಯಾಲೆ ತಂದು ಒಗೀತು. ಗುಡಿ ಇಲ್ಲಿಂದ ಅರ್ಧ ತಾಸಿನ ಹಾದಿ. ಕಿಡಕಿಯಿಂದ ದೀಪ ಕಾಣತಾವ. ಗಂಟು ತಲಿದಿಂಬಿನ ಮಗ್ಗಲ ಇಟ್ಟೀನಿ. ಅಪ್ಪ ಭೂಪಟದಾಗ ಕಡ್ಡಿ ಇಟ್ಟು ತೋರಸತಿದ್ದ — ಇಲ್ಲೆ ಗಂಡಕಿ, ಇಲ್ಲೆ ಮುಕ್ತಿನಾಥ. ನಕಾಶದಾಗ ಒಂದು ಬೆರಳು ದೂರ ಇತ್ತು.

ಮುಕುಂದ ಉಣಲಿಲ್ಲ. ಏನೋ ಅಂದ್ರ "ಏನಿಲ್ಲ" ಅಂದ. ನಾಳೆ ಮುಂಜಾನೆ ಆರಕ್ಕ ಗುಡಿಗೆ ಹೋಗೂದು.

ನವೆಂಬರ್ ೧೬, ಭಾನುವಾರ. ಜೀಪಿನ್ಯಾಗ

ಅಕ್ಷರ ಕುಣೀತಾವ. ಕುಣೀಲಿ.

ನಸುಕಿನ್ಯಾಗ ಮುಕುಂದ ಎದ್ದು ಕೂತ. ತುಟಿ ನೀಲಿ. ಒಂದು ಮಾತಿಗೆ ಎರಡು ಸಲ ಉಸಿರು. ನಿನ್ನೆ ಸಂಜೀಕನ ತಲಿ ಒಡೀಲಿಕ್ಕೆ ಹತ್ತಿತ್ತಂತ. "ಗುಡಿ ಮುಂದ ಬಂದು ಬ್ಯಾನಿ ಹೆಸರು ಯಾಕ ತಗೀಲಿ ಅಂತ ಸುಮ್ಮನಿದ್ದೆ, ಅಕ್ಕಾ."

ದವಾಖಾನಿಯವರು ಆಕ್ಸಿಜನ್ ಹಚ್ಚಿದರು. ತಡ ಮಾಡಬ್ಯಾಡ್ರಿ, ಕೆಳಗ ಇಳಸ್ರಿ ಅಂದರು. ಟೂರಿನ ಜೋಡಿ ಬಂದಿದ್ದ ಕೊಟ್ರೇಶ ಇನ್ಶುರೆನ್ಸ್‌ನವರಿಗೆ ಫೋನ್ ಹಚ್ಚಿದ. ಅವರು ಹೂಂ ಅಂದ್ರ ಒಂದು ತಾಸಿನ್ಯಾಗ ಹೆಲಿಕಾಪ್ಟರ್. ಅಕಡೆ ಹುಡುಗಿ ಹಿಂದಿಯೊಳಗ ಭಾಳ ಮರ್ಯಾದಿಲೆ ಹೇಳಿದಳು — ನಿಮ್ಮ ಪಾಲಿಸಿ ನಿನ್ನೆಗೆ ಮುಗದದ.

ಹ್ಯಾಂಗ ಮುಗೀತದ? ನಾವು ಹೊಂಟದ್ದು ಒಂಬತ್ತಕ್ಕ, ಹದಿನೆಂಟರ ತನಕ ಹತ್ತು ದಿನ, ಅಂದೆ.

ಫಾರ್ಮಿನ್ಯಾಗ ಆರು ಅಂತ ಅದ ಮೇಡಂ, ಅಂದಳು.

ಆರು. ನನ್ನ ಅಕ್ಷರ. ಪ್ರಸ್ಥಾನದ ದಿನ.

ಕೊಟ್ರೇಶನ ಮಾರಿ ಸಪ್ಪಗಾತು. "ಆರಕ್ಕ ಹೊಂಟು ಎಲ್ಲರ ಬೀಗರ ಮನ್ಯಾಗ ಇರತೀರಿ ಅಂತ ತಿಳಕೊಂಡ್ನಿರಿ." ಅವನದೇನು ತಪ್ಪು. ಗಂಟು ಇಟ್ಟರ ಹೊಂಟಂಗ ಅಂತ ಯಾವ ಕಂಪನಿ ಒಪ್ಪೀತು. ನಿನ್ನೆ ಸಂಜೀಕ ಇಂವ ಬಾಯಿ ಬಿಟ್ಟಿದ್ರೂ ನಡೀತಿತ್ತು. ನಾ ಮೂರು ದಿನ ಮೊದಲ ಹೊಂಟೆ, ಇಂವ ಒಂದು ರಾತ್ರಿ ತಡ ಮಾಡಿದ.

ನಮ್ಮ ರೊಕ್ಕದಾಗ ಹೆಲಿಕಾಪ್ಟರ್ ಆಗೂ ಮಾತಲ್ಲ. ಜೀಪು. ಹತ್ತು ತಾಸು. ಒಬ್ಬರು ಸಿಲಿಂಡರ್ ಹಿಡೀಬೇಕು, ಒಬ್ಬರು ಇವನ್ನ ಹಿಡೀಬೇಕು. ಹೆಲಿಕಾಪ್ಟರ್ ಇದ್ದಿದ್ರ ಕೊಟ್ರೇಶ ಇವನ ಜೋಡಿ ಹಾರತಿದ್ದ, ನಾ ಗಂಟು ಮುಟ್ಟಿಸಿ ಇಳೀತಿದ್ದೆ.

"ನೀ ಹೋಗು, ಅಕ್ಕಾ," ಅಂದ ಮುಕುಂದ. "ಅರ್ಧ ತಾಸು. ನಾ ತಾಳತೀನಿ." ಮಾಸ್ಕ್ ಒಳಗಿಂದ.

ಕುರ್ಚಿಮ್ಯಾಲೆ ಎದಿ ಹಿಡಕೊಂಡು ಕೂತ ಅಪ್ಪನೂ ಅಲ್ಲಿದ್ದವರಿಗೆ ಇದನ್ನ ಹೇಳಿದ್ದನಂತ. ತಾಳತೀನಿ, ಮನಿಗೆ ಖಬರ ಮುಟ್ಟಿಸಬ್ಯಾಡ್ರಿ.

"ಗಂಟು ಟೂರಿನ ಜೋಡೀದಾರ ಕೈಯಾಗ ಕೊಡ್ರಿ ಅಕ್ಕಾರ, ಅವರು ಮುಟ್ಟಸ್ತಾರ," ಅಂದ ಕೊಟ್ರೇಶ. ಕೊಡಲಿಕ್ಕೆ ಕೈ ಬರಲಿಲ್ಲ. ನಲವತ್ನಾಕು ವರ್ಷ ಇನ್ನೊಬ್ಬರು ಕಾದಾರ. ಕಡೇ ಅರ್ಧ ತಾಸರ ನಾವು ಹೊರಬೇಕು.

ಗುಡಿಗೆ ಬೆನ್ನು ಮಾಡಿ ಜೀಪು ಹತ್ತಿದೆ. ತೊಡಿಮ್ಯಾಲೆ ಮುಕುಂದನ ತಲಿ, ಕಾಲಾಗ ಅಪ್ಪನ ಗಂಟು.

ನವೆಂಬರ್ ೧೭, ಪೊಖರಾ

ತುಟಿ ಕೆಂಪಾಗ್ಯಾವ. ಡಾಕ್ಟರ್ ಅಂದರು, ಇನ್ನ ಅರ್ಧ ದಿನ ಮ್ಯಾಲಿದ್ರ ಕಷ್ಟಿತ್ತು. ಬಿಲ್ಲು ನಾ ತುಂಬಿದೆ. ಮುಕುಂದ ಎಚ್ಚರಾದವನ ಕೇಳಿದ, "ಟೊಪಗಿ ಎಲ್ಲೆ?"

ಬೈದೆ. ಆಮ್ಯಾಲೆ ಹುಡುಕಿ ಕೊಟ್ಟೆ.

ನವೆಂಬರ್ ೨೧, ಶುಕ್ರವಾರ

ಹುಬ್ಬಳ್ಳಿಯೊಳಗ ಇಳದು ಮುಕುಂದನ್ನ ಗದಗಿನ ಕಾರಿನ್ಯಾಗ ಕೂಡಿಸಿದೆ. ನಾ ಸೀದಾ ಲಕ್ಷ್ಮೇಶ್ವರಕ್ಕ. ಗಂಟು ಮನಿಗೆ ಒಯ್ಯೂಹಂಗಿಲ್ಲ.

ಬಸ್ಸಿನ್ಯಾಗ ಉದ್ದಕ್ಕೂ ಒಂದ ವಿಚಾರ. ರಸೂಲಬಿಗೆ ಏನಂತ ಹೇಳಲಿ? ಗುಡಿ ದೀಪ ಕಾಣೂತನಕ ಒಯ್ದು ತಿರಗಿ ತಂದೆ ಅಂತನೇ?

ಅಕಿ ಬಾಗಿಲಾಗ ಅಕ್ಕಿ ಹಸನ ಮಾಡಕೋತ ಕೂತಿದ್ದಳು. ಗಂಟು ನೋಡಿದಳು. ಎದ್ದು ಸೆರಗಿಗೆ ಕೈ ಒರಸಿಕೊಂಡು, ಎರಡೂ ಕೈಲೆ ಇಸಗೊಂಡು, ಅದ ಗೂಟಕ್ಕ ಹಾಕಿದಳು.

"ತಮ್ಮಾರು ಆರಾಮ ಅದಾರಿಲ್ಲೋ?"

ಅದಾನ ಅಂದೆ.

"ಆತಲ್ಲರಿ ಮತ್ತ. ಮಾಸ್ತರ ಇನ್ನೂ ಹಾದ್ಯಾಗ ಅದಾರ, ಅಷ್ಟ."

ಫೆಬ್ರುವರಿ ೧೦, ಮಂಗಳವಾರ

ನಳ ಇನ್ನೂ ಬಂದಿಲ್ಲ. ಕೊಟ್ರೇಶ ಬಂದಿದ್ದ. ಮುಂದಿನ ಟೂರು ಏಪ್ರಿಲ್ ೧೯ಕ್ಕ. ಈ ಸಲ ಮ್ಯಾಲೆ ಹೋಗೂ ಮೊದಲ ನಡುವ ಎರಡು ರಾತ್ರಿ ವಸ್ತಿ. ಮುಕುಂದ ಪೊಖರಾದಾಗ ಕೂಡತಾನಂತ, ನಾ ಒಬ್ಬಾಕಿ ಹತ್ತೂದು. "ಮೊದಲ ಇನ್ಶುರೆನ್ಸ್ ತುಂಬು, ಅಕ್ಕಾ," ಅಂತ ಅವನ ಹೇಳಿದ. ದಂಡ ಅಂದಾಂವ. ಆಡಿ ತೋರಸೂ ಬಾಯಿ ನಂದೂ ಉಳದಿಲ್ಲ.

ಕ್ಯಾಲೆಂಡರ್ ನೋಡಿದೆ. ಏಪ್ರಿಲ್ ೧೯, ಭಾನುವಾರ. ಅಪ್ಪನ ಗಾಡಿಯ ತಾರೀಖು, ಅಪ್ಪನ ವಾರ.

"ಅಕ್ಕಾರ, ವಿಮಾನ ಹತ್ತೂ ತಾರೀಖ ಬರೀರಿ," ಅಂದ ಕೊಟ್ರೇಶ, ಅಂಜಕೋತ. ಬರದೆ. ನಂದು ೧೯. ಮುಕುಂದಂದು ೧೯. ಎರಡೆರಡು ಸಲ ನೋಡಿ ಕೊಟ್ಟೆ.

ಅವ ಹೋದ ಮ್ಯಾಲೆ ಒಂದು ಖಾಲಿ ಫಾರ್ಮ್ ಮೇಜಿನ ಮ್ಯಾಲೆ ಉಳೀತು. ಸುಮ್ಮನ ಪೆನ್ನು ತಗೊಂಡೆ. ಹೆಸರಿನ ಜಾಗಾದಾಗ ಅಪ್ಪನ ಹೆಸರು ಬರದೆ. ಪ್ರಯಾಣ ಶುರು ಆಗೂ ತಾರೀಖು — ಏಪ್ರಿಲ್ ೧೬, ೧೯೮೧, ಗುರುವಾರ. ಎಷ್ಟು ದಿನ —