ಅಕ್ಕನ ಮಲಗುವ ಕೋಣೆಯ ಗೋಡೆ

ಮೂಲೆಮನೆ, ಮಂಗಳವಾರ, ಹನ್ನೊಂದನೇ ತಾರೀಖು, ಬೆಳಗಿನ ಹೊತ್ತು

ಪ್ರೀತಿಯ ಚೂಟಿಗೆ,

ಮೊದಲು ನಿನ್ನ ಕೆಮ್ಮಿನ ಸಮಾಚಾರ ಹೇಳು. ಆ ಭೂಕಂಪ ಅಳೆಯುವ ಕೇಂದ್ರದಲ್ಲಿ ಯಂತ್ರ ಬೆಚ್ಚಗಿರಬೇಕಂತೆ, ಮನುಷ್ಯರು ಚಳಿಯಲ್ಲಿರಬೇಕಂತೆ. ಯಾರು ಮಾಡಿದ ಕಾನೂನೋ. ಕಿವಿ ಮುಚ್ಚಿಕೊಂಡು ಕೂರು. ನನ್ನ ಮಂಡಿನೋವು ನಾನು ಮೇಲೆ ಹತ್ತುವಾಗ ಮಾತ್ರ ಬರುತ್ತದೆ, ಆದ್ದರಿಂದ ಮೇಲೆ ಹತ್ತುವ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟು ನಾನು ಕೆಳಗೆ ನಿಂತು ಬೈಯುತ್ತೇನೆ. ನಮ್ಮಕ್ಕ, ನಿನ್ನಮ್ಮ, ಗಟ್ಟಿಮುಟ್ಟಾಗಿದ್ದಾಳೆ. ಬಾಯಿ ಇನ್ನೂ ಗಟ್ಟಿ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಇಲ್ಲಿ ನೆಲ ನಡುಗಿತು. ನಿನ್ನ ಯಂತ್ರದ ಮುಳ್ಳು ಗೀಚಿರಬೇಕು, ಆದರೆ ನನಗೆ ನಿನಗಿಂತ ಮೊದಲೇ ಗೊತ್ತಾಯಿತು. ಕೆಲಸಕ್ಕೆ ಹೋದ ಮನೆಯೊಂದರಲ್ಲಿ ಗೋಡೆ ನೆಟ್ಟಗಿದೆಯೋ ಅಂತ ತೂಗುಗುಂಡು ಬಿಟ್ಟು ನೋಡುತ್ತಿದ್ದೆ. ಎಲೆ ಅಲುಗುವಷ್ಟೂ ಗಾಳಿಯಿಲ್ಲ, ಗುಂಡು ತಾನಾಗಿ ಓಲಾಡತೊಡಗಿತು. ಜತೆಯ ಬಡಗಿ, ರಾತ್ರಿ ಕುಡಿದದ್ದು ಜಾಸ್ತಿಯಾಗಿದೆ ನಿನಗೆ ಅಂದ. ಹಾಗಂದವನ ಕಾಲಡಿಯ ಹಲಗೆಯೇ ಜಾರಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ನಿನ್ನಮ್ಮ ಮಲಗುವ ಕೋಣೆಯಲ್ಲಿ, ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಬಿಟ್ಟಿದೆ. ಮಂಚ ಇರುವುದು ಸರಿಯಾಗಿ ಅದರ ಕೆಳಗೆ. ಇಪ್ಪತ್ತಾರು ವರ್ಷದ ಹಿಂದೆ ಆ ಗೋಡೆ ಕಟ್ಟಿದವನು ನಾನೇ ಅಂತ ನಿನಗೆ ಹೊಸದಾಗಿ ಹೇಳಬೇಕಿಲ್ಲ, ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ.

ಬಿರುಕಿನ ಮೇಲೆ ಅಡ್ಡಡ್ಡ ಒಂದು ಕಾಗದದ ಪಟ್ಟಿ ಅಂಟಿಸಿ ಬಂದೆ. ಗೋಡೆ ಸುಮ್ಮನಿದ್ದರೆ ಕಾಗದವೂ ಸುಮ್ಮನಿರುತ್ತದೆ. ಶನಿವಾರ ಇನ್ನೊಂದು ಸಣ್ಣ ನಡುಕ ಬಂತಲ್ಲ, ಆಮೇಲೆ ಹೋಗಿ ನೋಡಿದರೆ ಕಾಗದ ನಡುವೆ ಹರಿದಿತ್ತು. ಅವತ್ತೇ ತೀರ್ಮಾನ ಮಾಡಿದೆ: ಈ ಗೋಡೆ ಕೆಡವಬೇಕು, ಮುಗಿಯುವವರೆಗೆ ಅಕ್ಕ ನಮ್ಮ ಮನೆಯಲ್ಲಿರಬೇಕು. ಅಕ್ಕ ಒಪ್ಪಿದರೆ ತಾನೆ? ಆನೆ ಬಂದು ಗುದ್ದಿದರೂ ಅಲುಗಲ್ಲ ಅಂತ ನೀನೇ ಅಲ್ಲವೇನೋ ಹೇಳಿದ್ದು, ಈಗ ಆನೆ ಬಂತಾ ಅಂತ ಕೇಳುತ್ತಾಳೆ.

ಆನೆಯಲ್ಲ ಅಕ್ಕ, ಕೆಳಗಿನ ನೆಲವೇ ಗುದ್ದಿದ್ದು ಅಂತ ಕೂರಿಸಿ ಪಾಠ ಮಾಡಿದೆ. ನೀನು ಬರೆದು ಕಳಿಸಿದ್ದನ್ನೆಲ್ಲ ಓದಿ ಅರಗಿಸಿಕೊಂಡಿದ್ದೇನೆ. ಏಳನೇ ತರಗತಿಯಲ್ಲಿ ಇದೇ ಪಾಠದ ದಿನ ನಾನು ಮಾವಿನ ಮರದ ಮೇಲಿದ್ದೆ, ಆದರೂ ಈಗ ನನ್ನಷ್ಟು ಚೆನ್ನಾಗಿ ಹೇಳುವ ಮೇಷ್ಟ್ರು ಈ ಊರಲ್ಲಿಲ್ಲ. ಭೂಮಿಗೆ ಮೇಲೊಂದು ತೆಳುವಾದ ಚಿಪ್ಪು, ಅದರ ಕೆಳಗೆ ಸುಮಾರು ಸಾವಿರದೆಂಟುನೂರು ಮೈಲಿ ದಪ್ಪದ ಬಿಸಿ ಬಂಡೆ, ಅದೇ ಮ್ಯಾಂಟಲ್ಲು, ಅದಕ್ಕೂ ಒಳಗೆ ಕರಗಿದ ಕಬ್ಬಿಣ, ನಟ್ಟನಡುವೆ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಕಬ್ಬಿಣದ ಗುಂಡು. ಮ್ಯಾಂಟಲ್ಲು ಪಾಯಸದ ಹಾಗೆ ತೆಳ್ಳಗಿದೆ, ಅದರ ಮೇಲೆ ನಾವು ತೇಲುತ್ತಿದ್ದೇವೆ ಅಂತ ಮೊದಲು ಚಹಾದಂಗಡಿಯಲ್ಲಿ ಹೇಳಿಬಿಟ್ಟಿದ್ದೆ. ಅದು ಕಲ್ಲೇ ಮಾವ, ಬಿಸಿಗೆ ಬಹಳ ನಿಧಾನವಾಗಿ ಹರಿಯುತ್ತದೆ ಅಷ್ಟೇ ಅಂತ ನೀನು ಬರೆದ ಮೇಲೆ, ಅಂಗಡಿಯವನಿಗೆ ಅದನ್ನೇ ಹೇಳಿ, ನಿನಗೆ ಗೊತ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿದೆ ಕಣಯ್ಯ ಅಂದೆ.

ಅಕ್ಕನಿಗೆ ಮಾತಿನಲ್ಲಿ ಹೇಳಿದರೆ ಸಾಲದು ಅಂತ ಬಾಣಲಿಯಲ್ಲಿ ಗಾರೆ ಕಲಸಿ ಮೇಲೆ ಎರಡು ಹೆಂಚಿನ ಚೂರು ಇಟ್ಟೆ. ಮೇಲಿನ ಚಿಪ್ಪು ಇಡೀ ಒಂದಲ್ಲ, ಇಂಥ ಫಲಕಗಳಾಗಿ ಒಡೆದಿದೆ, ಕೆಲವು ಒಂದರಿಂದೊಂದು ದೂರ ಸರಿಯುತ್ತವೆ, ಕೆಲವು ಗುದ್ದಾಡಿ ಒಂದರಡಿ ಒಂದು ನುಗ್ಗುತ್ತವೆ, ಕೆಲವು ಪಕ್ಕಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತವೆ ಅಂತ ತಳ್ಳಿ ತೋರಿಸಿದೆ. ಎಷ್ಟು ಬೇಗ ಅಂತ ಕೇಳಿದಳು. ಉಗುರು ಬೆಳೆದಷ್ಟು ಅಂದೆ. ಅಲ್ಲೇ ನಾನು ಕೆಟ್ಟೆ. ಹಾಗಾದರೆ ನನ್ನ ಕಾಲ ಮುಗಿಯುವುದರೊಳಗೆ ಏನೂ ಆಗುವುದಿಲ್ಲ ಬಿಡು, ಬಾಣಲಿ ತೊಳೆದಿಟ್ಟು ಹೋಗು ಅಂದಳು.

ನಾನೂ ಬಿಡಲಿಲ್ಲ. ಫಲಕ ಸರಿಯುವುದು ನಿಧಾನ ನಿಜ, ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತವೆ, ತಳ್ಳಾಟ ಒಳಗೊಳಗೇ ಸೇರುತ್ತಾ ಹೋಗಿ ಒಂದು ದಿನ ತಟ್ಟನೆ ಜಾರುತ್ತದೆ, ನೀನು ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದು ಒಂದು ದಿನ ಪಾತ್ರೆ ಎಸೆಯುತ್ತೀಯಲ್ಲ ಹಾಗೆ ಅಂದೆ. ಸೌಟು ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ಪಾಠ ಅರ್ಥವಾಗಿದೆ ಅಂತ ನನಗೆ ಖಾತ್ರಿಯಾಯಿತು. ಮಂಚ ಮಾತ್ರ ಒಂದಿಂಚೂ ಸರಿಸಲಿಲ್ಲ.

ಅವಳು ಹಟಮಾರಿಯಾದರೆ ನಾನು ಅವಳ ತಮ್ಮ. ಆಸರೆಗೆ ಕಂಬ ತಂದಾಗಿದೆ, ಕಬ್ಬಿಣ ಅಂಗಳದಲ್ಲಿ ಬಿದ್ದಿದೆ. ಹೊಸ ಗೋಡೆಗೆ ತಳದಲ್ಲೊಂದು, ಕಿಟಕಿಯ ತಲೆಯ ಮೇಲೊಂದು, ಸೂರಿನಡಿ ಒಂದು, ಹೀಗೆ ಕೋಣೆಯ ನಾಲ್ಕು ಮೂಲೆಯನ್ನೂ ಸುತ್ತಿ ಹಿಡಿಯುವಂತೆ ಕಾಂಕ್ರೀಟು ಪಟ್ಟಿ ಹಾಕುತ್ತೇನೆ. ನೆಲವನ್ನು ಹಿಡಿದು ನಿಲ್ಲಿಸುವುದು ನನ್ನಿಂದ ಆಗದು, ಗೋಡೆಯನ್ನು ಹಿಡಿದು ನಿಲ್ಲಿಸಬಲ್ಲೆ. ನೀನು ಒಂದು ಕೆಲಸ ಮಾಡು. ಮಾವ ಹೇಳುವುದು ಸರಿ, ಅವರ ಮನೆಗೆ ಹೋಗಿರು ಅಂತ ನಿನ್ನಮ್ಮನಿಗೆ ಎರಡು ಸಾಲು ಬರಿ. ಅವಳಿಗೆ ನಿನ್ನ ಮಾತೆಂದರೆ ಶಾಸನ, ನನ್ನ ಮಾತೆಂದರೆ ತಮಾಷೆ.

ನಿನ್ನತ್ತೆ ನಿನ್ನನ್ನು ನೆನೆಸಿಕೊಳ್ಳುತ್ತಿರುತ್ತಾಳೆ. ಹೊಟ್ಟೆತುಂಬ ಉಣ್ಣು, ಯಂತ್ರಕ್ಕಿಂತ ಚುರುಕಾಗಿರು, ನೂರು ಕಾಲ ಬಾಳು.

ಇಂತಿ ನಿನ್ನ ಸೋದರಮಾವ,
ಸುತ್ತ ಹತ್ತೂರಿಗೆ ಒಬ್ಬನೇ ಗಾರೆಯವನು

ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು: ತಪ್ಪೆಲ್ಲ ನೆಲದ ಮೇಲೆ ಹಾಕಿ ಬರೆದೆ. ಅಕ್ಕಪಕ್ಕದ ಮನೆಗಳು ಬಿರಿದಿಲ್ಲ ಚೂಟಿ. ನಿಮ್ಮ ಮನೆ ಕಟ್ಟುವಾಗ ಗೋಡೆಯ ಮೂಲೆಗಳಿಗೆ ಅಂತ ನಿನ್ನಪ್ಪ ತಂದುಕೊಟ್ಟ ಕಬ್ಬಿಣವನ್ನು ನಾನು ಮುಂಬಾಗಿಲ ಮೇಲೆ ಮಳೆ-ಬಿಸಿಲಿಗೆ ಚಾಚಿದ ಸಜ್ಜಾಕ್ಕೆ ಹಾಕಿಬಿಟ್ಟೆ, ಬೀದಿಯವರೆಲ್ಲ ನಿಂತು ನೋಡಲಿ ಅಂತ. ನೋಡಿದರು. ಗೋಡೆಯೊಳಗೆ ಒಂದು ಸರಳೂ ಇಲ್ಲ. ಭಾವ ಕೊನೆಯುಸಿರಿನವರೆಗೂ ಕಬ್ಬಿಣ ಇದೆ ಅಂತಲೇ ನಂಬಿದ್ದರು, ಅಕ್ಕ ಈಗಲೂ ನಂಬಿದ್ದಾಳೆ, ಅದಕ್ಕೇ ಮಂಚ ಸರಿಸುತ್ತಿಲ್ಲ. ನಿನ್ನ ಕಾಗದ ಬರುವವರೆಗೆ ಕಾಯುವುದು ಸರಿಯಲ್ಲ. ಇದನ್ನು ಅಂಚೆಗೆ ಹಾಕಿ ನೇರ ಅವಳ ಹತ್ತಿರವೇ ಹೋಗಿ ಹೇಳುತ್ತೇನೆ. ಬೈಯುತ್ತಾಳೆ, ಬೈಯಲಿ. ನಮ್ಮ ಮನೆಗೆ ಬಂದು ಕೂತು ಬೈಯಲಿ.