ಶನಿವಾರದ ಓವರ್‌ಟೈಮ್

ಮಾರ್ಚ್ 3, ಭಾನುವಾರ

ಹಡಗಿನ ಸಿನಿಮಾ. ಹೆಸರು ಏನೋ ಇದೆ, ನನ್ನ ತಲೆಯಲ್ಲಿ ಸಿನಿಮಾದ ಹೆಸರು ಎಂದೂ ನಿಲ್ಲುವುದಿಲ್ಲ. ಹಡಗು ಮುಳುಗಲು ಎರಡು ತಾಸು ತೆಗೆದುಕೊಂಡಿತು, ನಾನು ಅರ್ಧಕ್ಕೇ ಮುಳುಗಿದ್ದೆ. ನಾಯಕಿಯ ಕೋಟು ಹರಿದದ್ದು ಎಡತೋಳಿನಲ್ಲಿ, ಮುಂದಿನ ಸೀನಿನಲ್ಲಿ ತೇಪೆ ಬಲತೋಳಿಗೆ! ಆಲ್ಟರೇಶನ್ ಅಂಗಡಿ ಇಟ್ಟುಕೊಂಡವಳ ಕಣ್ಣಿಗೆ ಬೀಳುವುದು ಇಂಥದ್ದೇ. ಹತ್ತಕ್ಕೆ ನಾಲ್ಕು.

ಇವರು ಏಳು ಕೊಟ್ಟರು. ಏಳು!

ಥಿಯೇಟರಿನಲ್ಲಿ ತುಟಿ ಬಿಚ್ಚಬಾರದು, ನಡೆದು ಬರುವ ದಾರಿಯಲ್ಲಿ ಜಗಳ, ಗೇಟಿನ ಚಿಲಕ ತೆಗೆಯುವ ಮೊದಲು ಮಾರ್ಕ್ಸು. ಮದುವೆಯಾದಾಗಿನಿಂದ ನಮ್ಮ ಭಾನುವಾರದ ಕಾನೂನು ಇದು. ಗೆಲ್ಲುತ್ತಿದ್ದುದು ನಾನೇ. ಇವರದು "ಡೈಲಾಗ್ ಚೆನ್ನಾಗಿತ್ತು", "ಹಾಡು ಪರವಾಗಿಲ್ಲ", ಅಲ್ಲಿಗೆ ಮುಗಿಯಿತು. ಈಗ ಕೆಲವು ತಿಂಗಳಿನಿಂದ ಇವರದೇ ಭಾಷಣ. ನನಗೆ ಬಾಯಿ ಹಾಕಲು ಸಂದೇ ಸಿಗುವುದಿಲ್ಲ.

"ಕ್ಯಾಪ್ಟನ್ ಕೈ ನೋಡಿದ್ಯಾ? ಮುಖದಲ್ಲಿ ಧೈರ್ಯ, ಕೈ ಮಾತ್ರ ಕಂಬಿ ಬಿಡ್ತಾ ಇಲ್ಲ. ಹಡಗು ಉಳಿಯಲ್ಲ ಅಂತ ಅಲ್ಲೇ ಗೊತ್ತಾಗುತ್ತೆ."

ನಾನು ನೋಡಿರಲಿಲ್ಲ. ಹೊಟ್ಟೆ ಉರಿಯಿತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನ್ ಓಡಿಸುವವರಿಗೆ ಇಂಥ ಮಾತು ಎಲ್ಲಿಂದ ಬಂತು?

ಮಾರ್ಚ್ 5

ತಂಗಿಗೆ ಫೋನಿನಲ್ಲಿ ಹೇಳಿಕೊಂಡೆ. ಹೇಳಬಾರದಿತ್ತು.

"ಭಾವ ಇದ್ದಕ್ಕಿದ್ದಂಗೆ ಇಷ್ಟು ಬುದ್ಧಿವಂತರಾದ್ರಾ? ಯಾರೋ ಪಾಠ ಹೇಳಿಕೊಡ್ತಿದಾರೆ ಅಕ್ಕಾ, ನೋಡ್ಕೋ."

ಯಾರೋ ಏನು ಬಂತು, ಇದ್ದಾಳಲ್ಲ. ಕಳೆದ ವರ್ಷ ಪ್ರೆಸ್ಸಿಗೆ ಸೇರಿದ ಡಿಸೈನರ್. ಸಿನಿಮಾ ಪೋಸ್ಟರುಗಳೆಲ್ಲ ಅವಳ ಕೈಯಿಂದಲೇ ಬರುವುದು. "ಬಣ್ಣ ಅಂದ್ರೆ ಆ ಹುಡುಗಿನೇ ಕೇಳ್ಬೇಕು" ಎಂದು ಇವರು ಹೊಗಳಿದ್ದು ಒಂದು ಸಲವಲ್ಲ. ನನ್ನ ಹೊಲಿಗೆಯನ್ನು ಕೊನೆಯ ಸಲ ಹೊಗಳಿದ್ದು ಯಾವಾಗ? ಯೋಚಿಸಿದೆ, ಯೋಚಿಸಿದೆ... ನೆನಪಾಗಲಿಲ್ಲ.

ಅಡುಗೆಮನೆಯಿಂದ ಕೂಗಿದೆ, ಟೀ ಬೇಕಾ ಅಂತ. ಇವರು ಓಗೊಡಲಿಲ್ಲ. ಮತ್ತೆ ಕೂಗಿದೆ. ಪೇಪರಿನಿಂದ ತಲೆ ಎತ್ತಿದರೆ ತಾನೇ. ಮನಸ್ಸನ್ನು ಪ್ರೆಸ್ಸಿನಲ್ಲೇ ಬಿಟ್ಟು ಬಂದಿದ್ದಾರೆ. ಒಬ್ಬಳೇ ಕುಡಿದೆ, ಸಕ್ಕರೆ ಹಾಕುವುದನ್ನೂ ಮರೆತು.

ಮಾರ್ಚ್ 10, ಭಾನುವಾರ

ಅವಳಿ ಅಣ್ಣತಮ್ಮಂದಿರ ಕಾಮಿಡಿ. ಎರಡೂ ಪಾತ್ರಕ್ಕೆ ಒಬ್ಬನೇ ನಟ. ಒಳ್ಳೆಯವನ ಶರ್ಟು ಭುಜದಲ್ಲಿ ಜೋತು ಬಿದ್ದಿದೆ, ಕೆಟ್ಟವನದು ಅಳತೆ ತೆಗೆದು ಹೊಲಿದದ್ದು. ಒಳ್ಳೆಯತನಕ್ಕೂ ಟೈಲರಿಗೂ ಏನು ದ್ವೇಷವೋ. ಆದರೂ ನಕ್ಕೆ. ಆರು ಮಾರ್ಕ್ಸು.

ಬರೆಯಬೇಕಾದ್ದು ಅದಲ್ಲ.

ಇವರು ನನಗಿಂತ ಮೊದಲು ನಕ್ಕರು. ಇಡೀ ಥಿಯೇಟರಿಗಿಂತ ಮೊದಲು. ಪರದೆಯ ಮೇಲೆ ನಾಯಕನ ಮಾವ ಕುರ್ಚಿಯ ಕಡೆಗೆ ಬರುತ್ತಿದ್ದಾನೆ, ಅದು ಮುರಿದ ಕುರ್ಚಿ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ, ಇವರ ಭುಜ ಆಗಲೇ ಕುಣಿಯುತ್ತಿದೆ!

ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ತರಲು ನಾನೇ ಹೋದೆ. ಕೌಂಟರಿನ ಹೆಂಗಸು ನಗುನಗುತ್ತಾ ಹೇಳಿದಳು: "ಸರ್ ನಿನ್ನೆ ಉಪ್ಪು ಜಾಸ್ತಿ ಆಯ್ತು ಅಂದಿದ್ರಲ್ಲ, ಇವತ್ತು ಕಮ್ಮಿ ಹಾಕಿದೀನಿ ಮೇಡಂ."

ನಿನ್ನೆ ಶನಿವಾರ. ಶನಿವಾರ ಬೆಳಿಗ್ಗೆ ಇವರಿಗೆ ಓವರ್‌ಟೈಮ್.

ಪೊಟ್ಟಣ ಹಿಡಿದು ನಿಂತಲ್ಲೇ ನಿಂತೆ. ಎದುರಿಗೆ ಥಿಯೇಟರಿನ ಬೋರ್ಡು. ಶುಕ್ರವಾರದಿಂದ ಹೊಸ ಸಿನಿಮಾ, ಶನಿವಾರ ಬೆಳಿಗ್ಗೆ ಸಬ್‌ಟೈಟಲ್ ಇರುವ ಶೋ, ಭಾನುವಾರ ಮ್ಯಾಟಿನಿ. ಓದಿದ್ದನ್ನೇ ಓದಿದೆ. ಏನೂ ತಲೆಗೆ ಹೋಗಲಿಲ್ಲ. ಯಾರ ಜೊತೆ ಬಂದಿದ್ದರು ಎಂದು ಆ ಹೆಂಗಸನ್ನು ಕೇಳಬಹುದಿತ್ತು. ಮರ್ಯಾದೆ ಅಡ್ಡ ಬಂತು.

ದಾರಿಯಲ್ಲಿ ಮತ್ತೆ ಭಾಷಣ. ಬೀದಿದೀಪ ಬಂದಲ್ಲೆಲ್ಲ ನಿಲ್ಲುತ್ತಾರೆ, ನನ್ನ ಮುಖವನ್ನೇ ನೋಡುತ್ತಾರೆ. ನನಗೇನಾದರೂ ಸುಳಿವು ಸಿಕ್ಕಿದೆಯೇ ಎಂದು ಅಳೆಯುತ್ತಿದ್ದಾರೆ. ಅಳೆಯಲಿ. ಅಳತೆ ನನಗೂ ಬರುತ್ತದೆ.

"ತಮ್ಮನ ರೂಮಿನ ಗೋಡೆ ಬಣ್ಣ ನೋಡಿದ್ಯಾ? ಅವನ ಶರ್ಟಿಗೂ ಅದೇ ಬಣ್ಣ. ಅವನು ಅಲ್ಲಿ ಕಾಣೋದೇ ಇಲ್ಲ."

ಬಟ್ಟೆಯ ವಿಷಯ ನನ್ನದು! ಅದನ್ನೂ ಅವಳಿಂದ ಕಲಿತು ಬಂದು ನನಗೇ ಹೇಳುತ್ತಾರೆ.

ಮಾರ್ಚ್ 13, ಮಧ್ಯಾಹ್ನ 3

ಬೆಳಿಗ್ಗೆ ಇವರ ಬ್ಯಾಗಿನಿಂದ ಕನ್ನಡಕ ತೆಗೆದು ಮುಚ್ಚಿಟ್ಟೆ. ಮರೆತು ಹೋಗಿದ್ದೀರಿ ಎಂದು ಪ್ರೆಸ್ಸಿಗೆ ಹೋಗಬೇಕಲ್ಲ, ನೆಪ ಬೇಕು.

ಹೋದೆ. ಮಷೀನುಗಳ ಗದ್ದಲಕ್ಕೆ ನನ್ನ ಕಾಲಸಪ್ಪಳ ನನಗೇ ಕೇಳಲಿಲ್ಲ. ಒಳಗೆ ಗಾಜಿನ ಕ್ಯಾಬಿನ್. ಇಬ್ಬರೂ ಅಲ್ಲಿ, ಎದುರುಬದುರು. ಅವಳು ಇವರ ತೋಳು ಮುಟ್ಟಿದಳು. ಮುಟ್ಟಿ, ತನ್ನ ಕಡೆ ತಿರುಗಿಸಿಕೊಂಡು, ಆಮೇಲೆ ಮಾತಾಡಿದಳು. ನಿಧಾನವಾಗಿ, ಚಿಕ್ಕ ಮಗುವಿಗೆ ಹೇಳುವವಳ ಥರ. ಇವರು ಅವಳ ತುಟಿಯನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸದೆ. ನನ್ನನ್ನು ಮದುವೆ ದಿನವೂ ಹಾಗೆ ನೋಡಿರಲಿಲ್ಲ.

ಆ ಶರ್ಟಿನ ತೋಳು ನಾನು ಹೊಲಿದದ್ದು.

ಒಳಗೆ ಹೋಗಿ ಕಿರುಚಾಡಬೇಕು ಎಂದುಕೊಂಡವಳು ಹಾಗೇ ವಾಪಸ್ ಬಂದೆ. ಕನ್ನಡಕ ಕೈಯಲ್ಲೇ. ಸಂಜೆತನಕ ಕಣ್ಣು ಕಿರಿದು ಮಾಡಿಕೊಂಡು ದುಡಿಯಲಿ, ಅಷ್ಟಾದರೂ ಆಗಲಿ.

ಮಾರ್ಚ್ 16, ಶನಿವಾರ

ಓವರ್‌ಟೈಮ್ ಎಂದು ಹೊರಟರು. ಇಸ್ತ್ರಿ ಮಾಡಿದ ಶರ್ಟು. ಮಸಿ ಮೆತ್ತುವ ಕೆಲಸಕ್ಕೆ ಇಸ್ತ್ರಿ ಯಾಕೆ?

ಹಿಂದೆಯೇ ಹೋಗೋಣವೆಂದು ಚಪ್ಪಲಿ ಮೆಟ್ಟಿದೆ. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ. ಪ್ಯಾಂಟಿನ ಜಿಪ್ ಕಿತ್ತಿದೆಯಂತೆ, ಇಂಟರ್‌ವ್ಯೂ ಇದೆಯಂತೆ, ನಿಂತ ಕಾಲಲ್ಲೇ ಬೇಕಂತೆ. ಹೊಲಿದೆ. ಬೆರಳಿಗೆ ಸೂಜಿ ಚುಚ್ಚಿತು. ಆ ಡಿಸೈನರ್ ಬೆರಳುಗಳಿಗೆ ಏನೂ ಚುಚ್ಚುವುದಿಲ್ಲ, ಮೌಸ್ ಹಿಡಿಯುವ ಬೆರಳು.

ನಾಳೆ ಕೇಳಿಯೇ ಬಿಡುತ್ತೇನೆ. ಗೇಟಿನ ಹತ್ತಿರ, ಮಾರ್ಕ್ಸ್ ಕೊಡುವ ಹೊತ್ತಿಗೆ.

ಮಾರ್ಚ್ 17, ಭಾನುವಾರ

ಇವರು ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಕೋರ್ಟಿನ ಸಿನಿಮಾ. ಮಾತೋ ಮಾತು. ಒಬ್ಬ ಬೊಜ್ಜಿನ ವಕೀಲ, ಅವನ ವಾದ ಕೇಳಿ ಜಡ್ಜ್ ಸಹ ನಗುವಂಥವನು. ಅವನು ಎದ್ದು ನಿಂತ, ಗಂಟಲು ಸರಿಮಾಡಿಕೊಂಡ, ಬಾಯಿ ತೆರೆದ — ಸೌಂಡ್ ಹೋಯಿತು.

ಚಿತ್ರ ಓಡುತ್ತಿದೆ, ಶಬ್ದವಿಲ್ಲ. ಇದೂ ಡೈರೆಕ್ಟರನ ಏನೋ ಹೊಸ ಕರಾಮತ್ತು ಇರಬೇಕೆಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಹೌಸ್‌ಫುಲ್ ಥಿಯೇಟರು ಪಿಟ್ಟೆನ್ನಲಿಲ್ಲ. ಪರದೆಯ ಮೇಲೆ ವಕೀಲನ ತುಟಿ ಆಡುತ್ತಿತ್ತು, ಅಷ್ಟೇ.

ಆ ನಿಶ್ಶಬ್ದದಲ್ಲಿ ಇವರು ನಕ್ಕರು.

ಹೊಟ್ಟೆ ತುಂಬ ನಕ್ಕರು. ಒಬ್ಬರೇ. ಯಾವಾಗಲೂ ಮಾಡುವ ಹಾಗೆ, ನಾನೂ ನಗುತ್ತಿದ್ದೇನೆಯೇ ಎಂದು ನನ್ನ ಕಡೆ ತಿರುಗಿದರು. ಮುಂದಿನ ಸಾಲಿನವರು ಹಿಂತಿರುಗಿ ಇವರನ್ನೇ ನೋಡುತ್ತಿದ್ದರು. ಆಮೇಲೆ ಶಿಳ್ಳೆ, ಚಪ್ಪಾಳೆ, ಕೂಗು, "ಸೌಂಡ್! ಸೌಂಡ್!" ಜನ ಯಾಕೆ ಎದ್ದು ನಿಂತಿದ್ದಾರೆಂದು ಇವರಿಗೆ ತಿಳಿಯಲಿಲ್ಲ. ಆ ಕಡೆ ಈ ಕಡೆ ನೋಡಿ, ಎಲ್ಲರ ಜೊತೆ ತಾವೂ ಚಪ್ಪಾಳೆ ತಟ್ಟಿದರು.

ನಾನು ಪರದೆ ಬಿಟ್ಟು ಇವರ ಕೈಗಳನ್ನೇ ನೋಡುತ್ತಾ ಕೂತೆ.

ದಾರಿಯಲ್ಲಿ ಭಾಷಣ ನಡೆದೇ ಇತ್ತು. ಕತ್ತಲಾಗುತ್ತಿತ್ತು. ದೀಪವಿಲ್ಲದ ಜಾಗದಲ್ಲಿ ಹೇಳಿದೆ, ತಲೆ ನೋಯುತ್ತಿದೆ ಅಂತ. ವಕೀಲನ ಮೇಜಿನ ಮೇಲಿದ್ದ ನೀರಿನ ಲೋಟದ ಬಗ್ಗೆ ಮಾತು ಮುಂದುವರಿಸಿದರು. ಗೇಟಿಗೆ ಬಂದೆವು. ಇವರು ಚಿಲಕಕ್ಕೆ ಕೈ ಹಾಕಿದ್ದರು, ನಾನು ಬೆನ್ನ ಹಿಂದೆ ನಿಂತಿದ್ದೆ. ವಾರವಿಡೀ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ.

"ನಿನ್ನೆ ಯಾರ ಜೊತೆ ಹೋಗಿದ್ರಿ?"

"ಹತ್ತಕ್ಕೆ ಎಂಟು," ಎಂದರು.

ಮಾರ್ಚ್ 19

ಸಮಾಧಾನ ಆಗಬೇಕಿತ್ತು. ಯಾರೂ ಇಲ್ಲ, ಏನೂ ಇಲ್ಲ. ಶನಿವಾರ ಸಬ್‌ಟೈಟಲ್ ಓದಿ ಬಾಯಿಪಾಠ ಮಾಡಿಕೊಂಡು ಬಂದು ಭಾನುವಾರ ನನ್ನ ಪಕ್ಕ ಕೂತು ನಗುತ್ತಾರೆ. ಕಿವಿ ಕೇಳದವರಿಗೆ ಕೈ, ಗೋಡೆ, ಲೋಟ ಎಲ್ಲ ಕಾಣುತ್ತವೆ. ಭಾಷಣ ಮಾಡುವುದೂ ಅದಕ್ಕೇ. ತಾವೇ ಮಾತಾಡುತ್ತಿದ್ದರೆ ನನ್ನದನ್ನು ಕೇಳಿಸಿಕೊಳ್ಳುವ ಕಷ್ಟವಿಲ್ಲ.

ಎಲ್ಲ ಅರ್ಥವಾಯಿತು. ಉರಿ ಮಾತ್ರ ಆರಿಲ್ಲ. ಮೊದಲಿಗಿಂತ ಜಾಸ್ತಿಯೇ ಆಗಿದೆ, ಸುಳ್ಳು ಯಾಕೆ ಬರೆಯಲಿ.

ಆ ಹುಡುಗಿ ತೋಳು ಮುಟ್ಟಿ, ಎದುರಿಗೆ ತಿರುಗಿಸಿಕೊಂಡು ಮಾತಾಡಿದಳಲ್ಲ. ಅವಳಿಗೆ ಗೊತ್ತು. ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಗೊತ್ತಿಲ್ಲ. ನಾನು ಅಡುಗೆಮನೆಯಿಂದ ಕೂಗುತ್ತಾ, ಮುನಿಸಿಕೊಳ್ಳುತ್ತಾ, ಟೀ ಒಬ್ಬಳೇ ಕುಡಿಯುತ್ತಾ ಕೂತಿದ್ದೆ. ಅವಳು ಇವರ ಪ್ರೇಯಸಿಯೇ ಆಗಿದ್ದರೆ ಬೀದಿಗಿಳಿದು ಜಗಳವಾದರೂ ಆಡಬಹುದಿತ್ತು. ಈಗ ಯಾರ ಹತ್ತಿರ ಆಡಲಿ?

ತಂಗಿಯ ಫೋನ್ ಬಂತು. ಎತ್ತಲಿಲ್ಲ.

ಮಾರ್ಚ್ 23, ಶನಿವಾರ, ಸಂಜೆ

ಇವರು ಓವರ್‌ಟೈಮಿಗೆ ಹೋದ ಮೇಲೆ ಅಂಗಡಿಗೆ ಬೀಗ ಹಾಕಿದೆ. ಬೆಳಗಿನ ಶೋ. ಅರ್ಧಕ್ಕರ್ಧ ಸೀಟು ಖಾಲಿ. ಇವರು ಮಧ್ಯದ ಸಾಲಿನಲ್ಲಿ ಒಬ್ಬರೇ, ಪಕ್ಕದ ಸೀಟಿನಲ್ಲಿ ಪಾಪ್‌ಕಾರ್ನ್. ಹಿಂದಿನ ಸಾಲಿನಲ್ಲಿ ಕೂತೆ. ಅಕ್ಷರ ಬಂದ ಹಾಗೆಲ್ಲ ಇವರ ದವಡೆ ಆಡುತ್ತಿತ್ತು. ಒಳಗೊಳಗೇ ಓದಿಕೊಳ್ಳುತ್ತಿದ್ದರು, ಪರೀಕ್ಷೆಗೆ ಓದುವವರ ಹಾಗೆ. ನನ್ನ ಪಕ್ಕ ಕೂರುವುದು ಇಷ್ಟು ಕಷ್ಟದ ಪರೀಕ್ಷೆ ಎಂದು ನನಗೆ ಗೊತ್ತಿರಲಿಲ್ಲ.

ಸಿನಿಮಾ ಯಾವುದೆಂದು ಕೇಳಿದರೆ ಹೇಳಲಾರೆ. ಮಾರ್ಕ್ಸಿಲ್ಲ.

ಇಂಟರ್‌ವಲ್. ದೀಪ ಹತ್ತಿತು. ಹೋಗಿ ಪಾಪ್‌ಕಾರ್ನ್ ಎತ್ತಿ ಆ ಸೀಟಿನಲ್ಲಿ ಕೂತೆ. ಇವರ ಮುಖ ಬಿಳಿಚಿಕೊಂಡಿತು. ತೋಳು ಮುಟ್ಟಿ ನನ್ನ ಕಡೆ ತಿರುಗಿಸಿಕೊಂಡೆ. ಅವಳನ್ನು ನೋಡಿ ಕಲಿತದ್ದು, ಅದೂ ಒಂದು ಉರಿ.

"ಪ್ರೆಸ್ಸಿನ ಆ ಹುಡುಗಿಗೆ ಹೇಗೆ ಗೊತ್ತು?"

"ಅವಳಪ್ಪನಿಗೂ ಹಿಂಗೇ ಅಂತೆ. ನಾನು ಹೇಳ್ಲಿಲ್ಲ, ಅವಳೇ ಕಂಡುಹಿಡಿದ್ಲು. ಈ ಶೋ ಇದೆ ಅಂತ ಹೇಳಿದ್ದೂ ಅವಳೇ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಜಗಳ ನಿಲ್ಲಿಸಿಬಿಡ್ತಿದ್ದೆ. ಪಾಪ ಅಂದ್ಕೊಂಡು ಎಲ್ಲದಕ್ಕೂ ಹೂಂ ಅಂತಿದ್ದೆ."

ಪಾಪ ಎನ್ನಲಿಲ್ಲ ನಾನು. ನಿಧಾನವಾಗಿ, ತುಟಿ ಪೂರ್ತಿ ತೆರೆದು ಹೇಳಿದೆ: "ನನಗಿಂತ ಮೊದಲು ಅವಳಿಗೆ ಗೊತ್ತಾಗೋ ಹಾಗೆ ಮಾಡಿದ್ದಕ್ಕೆ, ಹತ್ತಕ್ಕೆ ಸೊನ್ನೆ."

ನಕ್ಕರು. ಈ ಸಲ ನಗು ಮಾತು ಮುಗಿದ ಮೇಲೆಯೇ ಬಂತು.

ಬರುವಾಗ ಹಗಲು. ಭಾಷಣವಿಲ್ಲ. ಇವರು ಅರ್ಧ ಹೆಜ್ಜೆ ಮುಂದೆ, ನನ್ನ ಕಡೆ ಮುಖ ಮಾಡಿಕೊಂಡು ಹಿಂಹಿಂದಕ್ಕೆ ನಡೆದರು, ಒಂದು ಕಂಬಕ್ಕೂ ಡಿಕ್ಕಿ ಹೊಡೆದರು. ನಾನು ಬಾಯಿ ನೋಯುವಷ್ಟು ಮಾತಾಡಿದೆ. ಸೋಮವಾರ ಕಿವಿ ಡಾಕ್ಟರ ಹತ್ತಿರ. ಬೇಡ ಎಂದರು. ಹೋಗುವುದೇ ಎಂದೆ. ಜಗಳ ನಾನೇ ಗೆದ್ದೆ.

ಒಳಗಿನಿಂದ ಕರೆಯುತ್ತಿದ್ದಾರೆ, ಟೀ ಮಾಡಿದ್ದಾರಂತೆ. "ಬಂದೆ" ಎಂದು ಇಲ್ಲಿಂದಲೇ ಕೂಗಿಬಿಟ್ಟೆ, ಅಭ್ಯಾಸ. ಮತ್ತೆ ಕರೆಯುತ್ತಿದ್ದಾರೆ. ಎದ್ದು ಹೋಗಿ, ಎದುರಿಗೆ ನಿಂತು —