ಜೇನಿನ ಪುಸ್ತಕದ ಎರಡನೆಯ ಪ್ರತಿ

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

ನಾಲ್ಕು ಶತಮಾನ ಬಾಳಿದ ಒಂದು ಇಂಗ್ಲಿಷ್ ಪುಸ್ತಕವನ್ನು ಬರುವ ಸೋಮವಾರ ನೀವು ರದ್ದಿಗೆ ಹಾಕುತ್ತಿದ್ದೀರಿ. ಬಾಗಿಲ ಬಳಿ ಅಂಟಿಸಿದ ವಿಲೇವಾರಿ ಪಟ್ಟಿಯಲ್ಲಿ ಓದಿದೆ: ‘ಜೇನು ಸಾಕಣೆ, ಇಂಗ್ಲಿಷ್, ಹಳೆಯದು. ಎರಡನೆಯ ಪ್ರತಿ. ಚಿತ್ರ ತಲೆಕೆಳಗು.’ ಇಷ್ಟು ಚುಟುಕಾಗಿ ಮರಣದಂಡನೆ ಬರೆಯುವ ಕಲೆ ಎಲ್ಲರಿಗೂ ಒಲಿಯದು, ಅಭಿನಂದನೆಗಳು.

ಆ ಪುಸ್ತಕಕ್ಕೆ ನನ್ನ ಅಕ್ಕ ಪುಟ ತುಂಬ ವಿವರ ಬರೆದಿದ್ದಳು. ನಿಮ್ಮಲ್ಲಿ ಹಳೆಯ ಇಂಗ್ಲಿಷ್ ಪುಸ್ತಕಗಳ ಸೂಚಿ ತಯಾರಿಸುತ್ತಿದ್ದವಳು ಅವಳೇ. ಹೊಸ ಕಂಪ್ಯೂಟರಿನ ಚೌಕದಲ್ಲಿ ಅಷ್ಟೆಲ್ಲ ಹಿಡಿಸಲಿಲ್ಲವಂತೆ. ಹಿಡಿಸದಿದ್ದರೆ ಚೌಕವನ್ನು ದೊಡ್ಡದು ಮಾಡುವುದು ಸಾಮಾನ್ಯರ ಬುದ್ಧಿ. ಪುಸ್ತಕವನ್ನೇ ಚಿಕ್ಕದು ಮಾಡಲು ನಿರ್ದೇಶಕರೇ ಬೇಕು.

ನಾನು ಹೆಚ್ಚು ಓದಿದವಳಲ್ಲ. ಇಂಗ್ಲಿಷಿನಲ್ಲಿ ಅಕ್ಷರ ಬಲ್ಲೆ, ಅರ್ಥ ಅರಿಯೆ. ಆದರೂ ಅಕ್ಕ ನನ್ನನ್ನು ಕರೆದೊಯ್ದು ಕಿಟಕಿ ಪಕ್ಕದ ಮೇಜಿನಲ್ಲಿ ಕೂರಿಸುತ್ತಿದ್ದಳು. ಅವಳ ಮುಂದೆ ಒಂದು ಪ್ರತಿ, ನನ್ನ ಮುಂದೆ ಇನ್ನೊಂದು. ಅವಳು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುವುದು, ನನ್ನದರಲ್ಲೂ ಅದೇ ಇದೆಯೇ ಎಂದು ನಾನು ಬೆರಳಿಟ್ಟು ನೋಡುವುದು.

“ಏಯ್, ಬೆರಳೆಲ್ಲಿದೆ? ನಿದ್ದೆ ಮಾಡ್ತಿದೀಯಾ?”

“ಇಲ್ಲೇ ಇದೆ ಕಣೇ. ಎರಡೂ ಒಂದೇ ಅಚ್ಚು, ಇನ್ನೇನು ನೋಡೋದು? ಊಟಕ್ಕೆ ನಡಿ.”

“ಸುಮ್ನೆ ಪುಟ ತಿರುಗಿಸು.”

ತಿರುಗಿಸಿದೆ. ಅವಳ ಪ್ರತಿಯಲ್ಲಿ ಜೇನುಗೂಡು ನೆಟ್ಟಗೆ ಕೂತಿತ್ತು, ನನ್ನದರಲ್ಲಿ ತಲೆಕೆಳಗಾಗಿತ್ತು. ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಅಚ್ಚಿನವನು ಅರ್ಧ ಕೆಲಸವಾದ ಮೇಲೆ ತಪ್ಪು ಕಂಡು, ಯಂತ್ರ ನಿಲ್ಲಿಸಿ, ಚಿತ್ರದ ಅಚ್ಚನ್ನು ತಿರುಗಿಸಿ ಇಟ್ಟನಂತೆ. ಕಾಗದ ದುಬಾರಿ, ಮೊದಲು ಅಚ್ಚಾದ ಹಾಳೆಗಳನ್ನು ಎಸೆಯದೆ ಅವನ್ನೂ ಹೊಲಿದು ಮಾರಿದನಂತೆ. “ಅವನು ಅವತ್ತು ತಲೆ ಚಚ್ಚಿಕೊಂಡದ್ದು ನಿನ್ನ ಪ್ರತೀಲಿ ಮಾತ್ರ ಇದೆ ನೋಡೇ,” ಎಂದಳು.

ಇದನ್ನು ಹೇಳಲೆಂದೇ ಮೊನ್ನೆ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ನಗುತ್ತ ಕೇಳಿದರು:

“ಒಂದೇ ಪುಸ್ತಕ ಎರಡೆರಡು ಯಾಕಮ್ಮ? ಎರಡು ಸಲ ಓದ್ತೀರಾ?”

“ಒಂದು ಸಲವೂ ಓದಿಲ್ಲಪ್ಪ. ನೀವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೀರಾ?”

“ಮೇಲಿನವರು ಒಂದೇ ಅಂದ್ಮೇಲೆ ಒಂದೇ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುವ ತನಕ ನಿಮ್ಮ ಆಡಳಿತಕ್ಕೇನು ಕೊರತೆ?

ಒಂದು ಸಂಗತಿ ಹೇಳಲೇಬೇಕು. ಅಕ್ಕ ಮತ್ತು ನಾನು ಅವಳಿಗಳು. ನಿಮ್ಮ ಬಾಗಿಲ ಕಾವಲುಗಾರ ಕೊನೆಯ ತನಕ ನಮ್ಮನ್ನು ಅದಲುಬದಲು ಮಾಡುತ್ತಿದ್ದ. ಅಕ್ಕ ಸರಿಯಾಗಿ ಹುಟ್ಟಿದಳು. ನಾನು ಕಾಲು ಮುಂದಾಗಿ ಬಂದೆ. ಎರಡನೆಯ ಪ್ರತಿ, ಅದರಲ್ಲೂ ದೋಷವುಳ್ಳದ್ದು ಎಂದು ಅಮ್ಮ ವಿಲೇವಾರಿ ಮಾಡಲಿಲ್ಲ. ಪಾಪ, ಅವಳಿಗೆ ನಿಮ್ಮಷ್ಟು ಆಡಳಿತ ಗೊತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ನಿಮ್ಮ ನಿಯಮದಂತೆ ನೋಡಿದರೆ ನಷ್ಟವೇನೂ ಆಗಿಲ್ಲ. ಒಂದು ಪ್ರತಿ ಉಳಿದಿದೆಯಲ್ಲ. ಕನ್ನಡಿಯ ಮುಂದೆ ನಿಂತು ಈ ಸಮಾಧಾನವನ್ನು ದಿನವೂ ಹೇಳಿಕೊಂಡು ನೋಡುತ್ತಿದ್ದೇನೆ. ಹಿಡಿಸುತ್ತಿಲ್ಲ.

ಸೋಮವಾರಕ್ಕೆ ಮುನ್ನ ಆ ಪುಸ್ತಕವನ್ನು ಪಟ್ಟಿಯಿಂದ ತೆಗೆಯಿರಿ. ಅಕ್ಕ ಬರೆದ ವಿವರವನ್ನು ಇಡಿಯಾಗಿ ಸೂಚಿಗೆ ಸೇರಿಸಿ. ನಂಬಿಕೆ ಬಾರದಿದ್ದರೆ ಎರಡೂ ಪ್ರತಿಗಳನ್ನು ಕಿಟಕಿ ಪಕ್ಕದ ಮೇಜಿಗೆ ತರಿಸಿ. ನೀವು ಗಟ್ಟಿಯಾಗಿ ಓದಿ, ನಾನು ಬೆರಳಿಡುತ್ತೇನೆ. ಎದುರಿನ ಕುರ್ಚಿ ಹೇಗೂ ಖಾಲಿಯಿದೆ.

ಇಂತಿ,
ಕಾಲು ಮುಂದಾಗಿ ಬಂದು, ಹಿಂದೆ ಉಳಿದವಳು